ಎರಡು ಗುಳಿಗೆಗಳ ಇತಿಹಾಸ

ನಮ್ಮ ಅಡುಗೆಮನೆಯ ಗೋಡೆಯ ಗೂಡಿನಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಒಂದು ಹಳೆಯ ಬಿಸ್ಕಿಟ್ ಡಬ್ಬಿ ಇದೆ. ಅದರಲ್ಲಿ ಈಗ ಇರುವುದು ಗುಳಿಗೆಗಳು. ನನ್ನ ಶ್ರೀಮತಿ ನಸುಕಿನ ಐದೂವರೆಗೆ ಎದ್ದು ಬರಿಹೊಟ್ಟೆಯಲ್ಲಿ ಥೈರಾಕ್ಸಿನ್ ಗುಳಿಗೆಯೊಂದನ್ನು ನುಂಗುತ್ತಾಳೆ. ಆಮೇಲೆ ಒಂದು ತಾಸು ಚಹಾ ಮುಟ್ಟುವಂತಿಲ್ಲ. ಚಹಾ ಇಲ್ಲದ ಆ ಒಂದು ತಾಸು ಅವಳ ಪಾಲಿಗೆ ದಿನದ ಅತಿ ದೊಡ್ಡ ಶಿಕ್ಷೆ. ನಾಷ್ಟಾ ಮುಗಿದ ಮೇಲೆ ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಸಣ್ಣ ಗುಳಿಗೆ. ಮೊದಲನೆಯದು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಸಲುವಾಗಿ, ಎರಡನೆಯದು ಯಕೃತ್ತಿನ ಸಲುವಾಗಿ. ರಾತ್ರಿ ಊಟದ ನಂತರ ಮೂರನೆಯದೂ ಒಂದಿದೆ. ಅದರ ವಿಷಯ ಮುಂದೆ ಬರುತ್ತದೆ.

ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಕಂಡಕಂಡದ್ದಕ್ಕೆಲ್ಲ ಇಸವಿ ಹುಡುಕುವ ಚಾಳಿ. ತಾಳಿಕೋಟೆಯ ಕಾಳಗದ ಇಸವಿ ತಪ್ಪಿ ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆದರೆ ಮನೆಯವಳ ಜೀವ ಹಿಡಿದು ನಿಲ್ಲಿಸಿರುವ ಈ ಗುಳಿಗೆಗಳ ಇಸವಿ ನನಗೆ ತಿಳಿದಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಹುಡುಕುತ್ತ ಹೋದಾಗ ಎರಡು ಸಂಗತಿಗಳು ನನ್ನನ್ನು ಬೆರಗುಗೊಳಿಸಿದವು. ಈ ಎರಡೂ ಗುಳಿಗೆಗಳ ಮೂಲ ಒಬ್ಬನೇ ರಸಾಯನವಿಜ್ಞಾನಿಯ ಕೈಯಲ್ಲಿ ಹಾದುಬಂದಿದೆ. ಹಾಗೆಯೇ, ಈ ಎರಡೂ ರೋಗಗಳ ಗುಟ್ಟನ್ನು ರಕ್ತದಲ್ಲಿ ಹುಡುಕಿದವರಲ್ಲಿ ಒಬ್ಬಳೇ ಮಹಿಳಾ ವೈದ್ಯೆಯ ಹೆಸರು ಎರಡು ಸಲ ಬರುತ್ತದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ. ಓದುಗರು ಇದನ್ನು ಇತಿಹಾಸವೆಂದು ಓದಬೇಕೇ ಹೊರತು ಚಿಕಿತ್ಸೆಯ ಸಲಹೆಯೆಂದಲ್ಲ.

ಮೊದಲು ನಮ್ಮ ಮನೆಯ ಕಥೆ. ಶ್ರೀಮತಿಗೆ ಥೈರಾಯ್ಡ್ ತೊಂದರೆ ಇದೆಯೆಂದು 2011ರಲ್ಲಿಯೇ ಗೊತ್ತಾಗಿತ್ತು. ಮೈ ಭಾರ, ಆಯಾಸ, ಬೇಸಿಗೆಯಲ್ಲೂ ಚಳಿ. ಗುಳಿಗೆ ಶುರುವಾದ ಮೇಲೆ ಎಲ್ಲವೂ ಸರಿಹೋಗಿ ನಾವು ಅದನ್ನು ಮರೆತೇಬಿಟ್ಟಿದ್ದೆವು. 2020ರ ಕೊರೋನಾ ಕಾಲದಲ್ಲಿ ಊರೆಲ್ಲ ಕಷಾಯ ಕುಡಿಯುತ್ತಿದ್ದಾಗ ನಮ್ಮ ಮನೆಯಲ್ಲೂ ಕುದಿಯಿತು. ಶುಂಠಿ, ಮೆಣಸು, ಅರಿಶಿಣ, ಅದರೊಂದಿಗೆ ಹಿತ್ತಲಿನ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯ ಕಾಂಡ. ನಾನು ಕಹಿಯೆಂದು ತಪ್ಪಿಸಿಕೊಂಡೆ, ಅವಳು ಎರಡೂವರೆ ತಿಂಗಳು ನಿಷ್ಠೆಯಿಂದ ಕುಡಿದಳು. ದಸರೆಯ ಹೊತ್ತಿಗೆ ಊಟ ಸೇರದಾಯಿತು, ಕಣ್ಣು ಹಳದಿಯಾದವು. ನಮ್ಮ ಕಡೆಯ ಮಾತಿನಲ್ಲಿ ಕಾಮಣಿ.

ಮೊದಲು ತೋರಿಸಿದ ದವಾಖಾನೆಯಲ್ಲಿ ಕಾಮಣಿಗೆ ಕಾರಣವಾಗುವ ವೈರಸ್‌ಗಳ ಪರೀಕ್ಷೆ ಮಾಡಿಸಿದರು. ಯಾವುದೂ ಇಲ್ಲವೆಂದು ಬಂತು. ಆಗ ಅಲ್ಲಿಯ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಮಾಸ್ತರ್ರ, ತಪ್ಪು ತಿಳಕೋಬ್ಯಾಡ್ರಿ, ಅಮ್ಮಾರಿಗೆ ಏನರ ಕುಡಿಯೋ ಚಟ ಐತೇನ್ರಿ?" ಎಂದು ಕೇಳಿದರು. ಅರವತ್ತರ ಹತ್ತಿರದ, ಸೋಮವಾರ ಒಪ್ಪತ್ತು ಮಾಡುವ ಹೆಂಗಸಿನ ಬಗ್ಗೆ ಈ ಪ್ರಶ್ನೆ. ಕೋಪ ಬಂತು. ಈಗ ಯೋಚಿಸಿದರೆ ಅವರ ತಪ್ಪೇನೂ ಇರಲಿಲ್ಲ, ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಯಕೃತ್ತು ಕೆಟ್ಟಿತೆಂದರೆ ಹೆಂಡ, ಹೆಂಡ ಇಲ್ಲದಿದ್ದರೆ ಕಾಮಣಿ ಔಷಧಿ ಎಂಬಲ್ಲಿಗೆ ನಮ್ಮ ಜನರ ತಿಳಿವಳಿಕೆ ನಿಂತಿದೆ. ಬೀಗರೊಬ್ಬರು ನೆಲನೆಲ್ಲಿಯ ರಸ ಕುಡಿಸಲು ಹೇಳಿದರು. ಮತ್ತೊಬ್ಬರು ಮಣಿಕಟ್ಟಿನ ಮೇಲೆ ಬರೆ ಹಾಕುವವರ ವಿಳಾಸ ಕೊಟ್ಟರು. ಬರೆ ಎಂಬ ಮಾತು ಕೇಳಿದ ಕೂಡಲೆ ನಾನು ಎದ್ದು ಹೊರಗೆ ಹೋದೆ. ಅದಕ್ಕೊಂದು ಕಾರಣವಿತ್ತು.

ಹುಬ್ಬಳ್ಳಿಯ ತಜ್ಞರೊಬ್ಬರು ಕಾಗದಗಳನ್ನೆಲ್ಲ ನೋಡಿ ಕೇಳಿದ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು: "ಅಮ್ಮಾ, ನಿಮಗೆ ಥೈರಾಯ್ಡ್ ಇದೆಯೇ?" ಇದೆ ಎಂದಾಗ ಅವರು ತಲೆದೂಗಿ ಇನ್ನಷ್ಟು ರಕ್ತಪರೀಕ್ಷೆ ಬರೆದರು, ಆಮೇಲೆ ಸೂಜಿಯಿಂದ ಯಕೃತ್ತಿನ ಎಳೆಯೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಆಟೋಇಮ್ಯೂನ್ ಹೆಪಟೈಟಿಸ್. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಯಕೃತ್ತನ್ನು ಪರಕೀಯವೆಂದು ಭಾವಿಸಿ ಕಡಿಯುವ ರೋಗ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮ ಹಿರಿಯರು ಯಾವ ಪ್ರಸಂಗಕ್ಕೆ ಹೇಳಿದರೋ, ಈ ರೋಗಕ್ಕೆ ಅದಕ್ಕಿಂತ ಒಪ್ಪುವ ಮಾತು ಇಲ್ಲ. ಅವಳ ಥೈರಾಯ್ಡ್ ಗ್ರಂಥಿಯನ್ನೂ ಕೆಡಿಸಿದ್ದು ಇಂಥದೇ ಬೇಲಿ ಎಂದರು. ಈ ಯಕೃತ್ತಿನ ರೋಗ ಇರುವವರಲ್ಲಿ ಜೊತೆಗೆ ಕಾಣುವ ರೋಗಗಳಲ್ಲಿ ಥೈರಾಯ್ಡ್‌ನದೇ ಮೇಲುಗೈಯಂತೆ. ಅಂದರೆ ಒಂಬತ್ತು ವರ್ಷ ನಾವು ಮರೆತಿದ್ದ ಆ ಸಣ್ಣ ಗುಳಿಗೆ ಮುಂದಿನದಕ್ಕೆ ಒಂದು ಸೂಚನೆಯಾಗಿತ್ತು. ನಮಗೆ ಓದಲು ಬಂದಿರಲಿಲ್ಲ, ಅಷ್ಟೇ.

ಇನ್ನು ಇತಿಹಾಸಕ್ಕೆ ಬರೋಣ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಎಂಬ ಊರಿನ ತರುಣ ವೈದ್ಯ ಜಾರ್ಜ್ ಮರ್ರೇ ಎಂಬವರ ಬಳಿ 46 ವರ್ಷದ ಹೆಂಗಸೊಬ್ಬಳು ಬಂದಳು. ಮುಖ ಊದಿತ್ತು, ಮಾತು ನಿಧಾನವಾಗಿತ್ತು, ಮೈಯೆಲ್ಲ ತಣ್ಣಗೆ. ಥೈರಾಯ್ಡ್ ಗ್ರಂಥಿ ಬತ್ತಿಹೋಗಿದೆಯೆಂದು ಊಹಿಸಿದ ಮರ್ರೇ, ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ತಯಾರಿಸಿ ಅವಳಿಗೆ ಚುಚ್ಚಿದರು. ಮುಂದೆ ಬಾಯಿಯ ಮೂಲಕವೇ ಕೊಡಲಾಯಿತು. ಆಕೆ ಮತ್ತೆ 28 ವರ್ಷ ಬದುಕಿ 1919ರಲ್ಲಿ 74ನೆಯ ವಯಸ್ಸಿಗೆ ತೀರಿಕೊಂಡಳು. ಆ ಅವಧಿಯಲ್ಲಿ ಆಕೆಗೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಎಂದು ಮರ್ರೇ ಲೆಕ್ಕ ಬರೆದಿಟ್ಟಿದ್ದಾರೆ. ನಮ್ಮ ಹೊಳೆಸಾಲಿನಲ್ಲಿ ಕುರಿ ಹಿಂಡು ಕಂಡವರಿಗೆ 870 ಎಂದರೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಇದನ್ನು ಓದಿ ಹೇಳಿದಾಗ ಶ್ರೀಮತಿ, "ಅಷ್ಟು ಕುರಿ ಪಾಪ ನನಗ ಬ್ಯಾಡ್ರಿ, ಈ ಗುಳಿಗೀನ ಚಲೋ" ಎಂದಳು.

ಗ್ರಂಥಿ ಬತ್ತುವುದೇಕೆ? ಇದಕ್ಕೆ ಉತ್ತರದ ಮೊದಲ ತುದಿ ಸಿಕ್ಕಿದ್ದು ಜಪಾನಿನಲ್ಲಿ. ಹಕಾರು ಹಶಿಮೊಟೊ ಎಂಬ ಶಸ್ತ್ರವೈದ್ಯರು 1912ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ನಾಲ್ವರು ಹೆಂಗಸರ ಊದಿದ ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಗ್ರಂಥಿಗಿಂತ ಹೆಚ್ಚಾಗಿ ಬಿಳಿರಕ್ತಕಣಗಳೇ ತುಂಬಿಕೊಂಡಿದ್ದವು. ಅವರು ಕಂಡದ್ದನ್ನು ಕಂಡಂತೆ ಬರೆದರು, ಕಾರಣ ಹೇಳಲಿಲ್ಲ. ಓದಲು ಜರ್ಮನಿಗೆ ಹೋದರು, ಮಹಾಯುದ್ಧ ಬಂತು, ಊರಿಗೆ ಮರಳಿ ತಮ್ಮ ಮನೆತನದ ವೃತ್ತಿಯಾದ ಹಳ್ಳಿ ವೈದ್ಯಕೀಯಕ್ಕೆ ನಿಂತರು. 1934ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಜಗತ್ತಿನಲ್ಲಿ ಕೋಟಿಗಟ್ಟಲೆ ಜನರ ವೈದ್ಯಕೀಯ ಚೀಟಿಯ ಮೇಲೆ ಇಂದು ಅವರ ಹೆಸರಿದೆ. ಅವರ ಕಾಲದಲ್ಲಿ ಅವರ ದೇಶದಲ್ಲಿಯೇ ಅದು ಹೆಚ್ಚು ಜನರಿಗೆ ಗೊತ್ತಿರಲಿಲ್ಲ.

ಕಾರಣ ಹುಡುಕಲು ಯಾರೂ ಮುಂದಾಗದಿರುವುದಕ್ಕೆ ಒಂದು ದೊಡ್ಡ ಹೆಸರು ಅಡ್ಡ ನಿಂತಿತ್ತು. ಜರ್ಮನಿಯ ಪೌಲ್ ಎರ್ಲಿಕ್ 1901ರ ಸುಮಾರಿಗೆ ಒಂದು ಸಿದ್ಧಾಂತ ಹೇಳಿದ್ದರು: ದೇಹವು ತನ್ನನ್ನೇ ವಿಷದಿಂದ ಸುಡಲು ಹೇಸುತ್ತದೆ. ಅವರು ಅದಕ್ಕೆ ಕೊಟ್ಟ ಲ್ಯಾಟಿನ್ ಹೆಸರಿನ ಭಾವವೇ ಅದು, ತನ್ನ ವಿಷಕ್ಕೆ ತಾನೇ ಬೆಚ್ಚುವುದು. 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿಯ ಮಾತು. ಎರ್ಲಿಕ್ ಹೇಳಿದ್ದು ಬೇಲಿ ಹೊಲ ಮೇಯದಂತೆ ದೇಹದಲ್ಲಿ ಏನೋ ಒಂದು ತಡೆ ಇರಬೇಕೆಂದು. ಶಿಷ್ಯರು ತಿಳಿದದ್ದು ಬೇಲಿ ಹೊಲ ಮೇಯುವುದು ಸಾಧ್ಯವೇ ಇಲ್ಲವೆಂದು. ಇದು ನಾವು ಶಾಲೆಯಲ್ಲಿ ದಿನವೂ ಕಾಣುವ ಅನಾಹುತ. ಅರ್ಧ ಶತಮಾನ ಆ ದಾರಿಗೆ ಯಾರೂ ಕಾಲಿಡಲಿಲ್ಲ.

ಅಮೆರಿಕದ ಬಫೆಲೋ ಎಂಬ ಊರಿನಲ್ಲಿ ಅರ್ನೆಸ್ಟ್ ವಿಟೆಬ್ಸ್ಕಿ ಎಂಬ ಪ್ರಾಧ್ಯಾಪಕರಿದ್ದರು. ಅವರು ಎರ್ಲಿಕ್‌ರ ಶಿಷ್ಯಪರಂಪರೆಯವರು. ಅವರ ಕೈಕೆಳಗಿನ ತರುಣ ನೋಯೆಲ್ ರೋಸ್, ಮೊಲಗಳಿಗೆ ಮೊಲದ್ದೇ ಥೈರಾಯ್ಡ್ ಸಾರವನ್ನು ಚುಚ್ಚಿದಾಗ ಅವುಗಳ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿದವು, ಗ್ರಂಥಿಯಲ್ಲಿ ಹಶಿಮೊಟೊ ಕಂಡಂಥದೇ ಬಿಳಿಕಣಗಳ ದಾಳಿ ಕಂಡಿತು. ಗುರುವಿನ ಗುರುವಿನ ಮಾತು ಸುಳ್ಳಾಗುತ್ತಿದೆ. ವಿಟೆಬ್ಸ್ಕಿ ನಂಬಲಿಲ್ಲ, ಮತ್ತೆ ಮಾಡು, ಮತ್ತೆ ಮಾಡು ಎಂದು ವರ್ಷಗಟ್ಟಲೆ ತಡೆದರು. ಕೊನೆಗೆ 1956ರಲ್ಲಿ ಇಬ್ಬರ ಹೆಸರಿನಲ್ಲೂ ಪ್ರಕಟವಾಯಿತು. ತಡ ಮಾಡಿದ್ದಕ್ಕೆ ಅವರನ್ನು ದೂರುವವರಿದ್ದಾರೆ. ನನಗೆ ಮಾತ್ರ, ತಾನು ನಂಬಿದ್ದು ತಪ್ಪೆಂದು ಖಾತ್ರಿಯಾದ ಮೇಲೆ ಅದಕ್ಕೆ ತನ್ನ ಸಹಿ ಹಾಕಿದ ಗುರು ದೊಡ್ಡವರಾಗಿಯೇ ಕಾಣುತ್ತಾರೆ.

ಅದೇ 1956ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡೆಬೊರಾ ಡೋನಿಯಾಕ್ ಎಂಬ ವೈದ್ಯೆ ಹಶಿಮೊಟೊ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ಆ ರಕ್ತದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ಎಂಬ ಅಂಶ ವಿಪರೀತ ಹೆಚ್ಚಿತ್ತು. ಪ್ರತಿಕಾಯಗಳು ಇರುವುದು ಈ ಅಂಶದಲ್ಲಿಯೇ. ಹಾಗಾದರೆ ಈ ಪ್ರತಿಕಾಯಗಳು ಯಾರ ವಿರುದ್ಧ? ಜೀವರಸಾಯನ ಬಲ್ಲ ಐವನ್ ರಾಯ್ಟ್ ಮತ್ತು ಪೀಟರ್ ಕ್ಯಾಂಪ್‌ಬೆಲ್ ಜೊತೆಗೂಡಿ ಅವರು ರೋಗಿಯ ರಕ್ತದ್ರವಕ್ಕೆ ಮನುಷ್ಯನ ಥೈರಾಯ್ಡ್ ಸಾರವನ್ನು ಬೆರೆಸಿದರು. ಎರಡೂ ಸೇರಿ ಗರಣೆ ಕಟ್ಟಿತು. ಮೊಲದಲ್ಲಿ ಆದದ್ದು ಮನುಷ್ಯರಲ್ಲೂ ತಾನಾಗಿಯೇ ಆಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. 44 ವರ್ಷ ಹಿಂದೆ ಹಶಿಮೊಟೊ ಬಿಟ್ಟುಹೋದ ಪ್ರಶ್ನೆಗೆ ಉತ್ತರ ಸಿಕ್ಕಿತು. ಡೋನಿಯಾಕ್ ಹುಟ್ಟಿದ ವರ್ಷವೂ 1912 ಎಂಬುದು ಕಾಕತಾಳೀಯ, ಆದರೆ ಇಸವಿಯ ಚಾಳಿಯವನಿಗೆ ಅದನ್ನು ಬಿಡಲಾಗಲಿಲ್ಲ.

ಈಗ ಯಕೃತ್ತಿಗೆ ಬರುತ್ತೇನೆ. 1950ರಲ್ಲಿ ಸ್ವೀಡನ್ನಿನ ಯಾನ್ ವಾಲ್ಡನ್‌ಸ್ಟ್ರೋಮ್ ಒಂದು ವೈದ್ಯರ ಸಭೆಯಲ್ಲಿ ತಾವು ಕಂಡ ಕೆಲವು ರೋಗಿಗಳ ವಿವರ ಕೊಟ್ಟರು. ಅವರೆಲ್ಲ ಹರೆಯದ ಹೆಣ್ಣುಮಕ್ಕಳು. ಬಿಟ್ಟುಬಿಟ್ಟು ಬರುವ ಕಾಮಾಲೆ, ಕೀಲುನೋವು, ಮುಟ್ಟು ನಿಂತುಹೋಗುವುದು, ರಕ್ತದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ಏರಿರುವುದು. ಕುಡಿತವಿಲ್ಲ. ಯಕೃತ್ತು ಮಾತ್ರ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿ ಕುಗ್ಗುತ್ತದೆ.

ಈ ವಿವರ ಓದಿದ ದಿನ ನನಗೆ ಮುಂದೆ ಓದಲಾಗಲಿಲ್ಲ.

ನನಗೊಬ್ಬಳು ಅಕ್ಕ ಇದ್ದಳು. ನಮ್ಮದು ರಾಣೆಬೆನ್ನೂರು ತಾಲೂಕಿನ ಹೊಳೆಸಾಲಿನ ಹಳ್ಳಿ. ಆಗ ಅದು ಧಾರವಾಡ ಜಿಲ್ಲೆ, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅಕ್ಕನಿಗೆ ಹದಿನೇಳರ ಹೊತ್ತಿಗೆ ಕಾಮಣಿ ಆಯಿತು. ಔಷಧಿ ಕೊಡಿಸಿದರು, ಇಳಿಯಿತು. ಆರು ತಿಂಗಳಿಗೆ ಮತ್ತೆ ಬಂತು. ಬೆರಳು, ಮಣಿಕಟ್ಟು, ಮೊಣಕಾಲು ನೋಯುತ್ತಿದ್ದವು, ಬೀಸುವ ಕಲ್ಲಿನ ಮುಂದೆ ಕೂತು ಏಳಲಾರದೆ ಅಳುತ್ತಿದ್ದಳು. ಎರಡನೆಯ ಸಲ ಮಣಿಕಟ್ಟಿಗೆ ಬರೆ ಹಾಕಿಸಿದರು. ಆ ಗಾಯ ಕೀವು ತುಂಬಿ ಬಹಳ ದಿನ ಮಾಯಲಿಲ್ಲ. ನಾನು ಅದನ್ನು ಬೇವಿನ ನೀರಿನಿಂದ ತೊಳೆಯುವ ಕೆಲಸದಲ್ಲಿ ಅವ್ವನಿಗೆ ಚೊಂಬು ಹಿಡಿಯುತ್ತಿದ್ದೆ. ಮೂರನೆಯ ಸಲ ಹೊಟ್ಟೆಯಲ್ಲಿ ನೀರು ತುಂಬಿತು. ದಾವಣಗೆರೆಗೆ ಕರೆದೊಯ್ದರು. ಲಿವರ್ ಪೂರ್ತಿ ಕೆಟ್ಟಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. 1971ರ ಶ್ರಾವಣದಲ್ಲಿ ತೀರಿಕೊಂಡಳು. ಅವಳಿಗೆ ಹತ್ತೊಂಬತ್ತು, ನನಗೆ ಹನ್ನೆರಡು. ಕುಡಿಯದ ಹುಡುಗಿಗೆ ಲಿವರ್ ಹೇಗೆ ಕೆಟ್ಟಿತೆಂದು ಊರಲ್ಲಿ ಆಡಿದವರಿದ್ದರು. ಲಗ್ನ ಗೊತ್ತಾಗಿತ್ತು, ಆ ಕಡೆಯವರೂ ಆಡಿದರು. ಅವ್ವ ಬಹಳ ವರ್ಷಗಳ ಮೇಲೆ ನನ್ನ ಶ್ರೀಮತಿಯ ಮುಂದೆ ಮಾತ್ರ ಇನ್ನೊಂದು ಸಂಗತಿ ಹೇಳಿದ್ದಳಂತೆ: ಕೊನೆಯ ಒಂದೂವರೆ ವರ್ಷ ಹುಡುಗಿ ಮುಟ್ಟಾಗಿರಲಿಲ್ಲ, ಅದನ್ನು ಗಂಡಸರ ಮುಂದೆ, ಡಾಕ್ಟರ ಮುಂದೆ ಕೂಡ, ಯಾರೂ ಹೇಳಲಿಲ್ಲ. ಹೇಳಿದ್ದರೆ ಊರ ಬಾಯಿ ಇನ್ನೇನು ಆಡುತ್ತಿತ್ತೋ ಎಂಬ ಭಯ.

ಅಕ್ಕನಿಗೆ ಇದೇ ರೋಗ ಇತ್ತೆಂದು ನಾನು ಸಾಧಿಸಲಾರೆ. ದಾಖಲೆ ಇಲ್ಲದೆ ತೀರ್ಪು ಕೊಡಬಾರದೆಂದು ಮಕ್ಕಳಿಗೆ ಕಲಿಸಿದವನು ನಾನು. ಅದು ಹೆಪಟೈಟಿಸ್ ಬಿ ಆಗಿರಬಹುದು. ಆ ವೈರಸ್‌ನ ಮೊದಲ ಗುರುತು 1960ರ ದಶಕದಲ್ಲಷ್ಟೇ ಸಿಕ್ಕಿತ್ತು, ನಮ್ಮ ಕಡೆ ಅದರ ಪರೀಕ್ಷೆಯೇ ಇರಲಿಲ್ಲ. ಬೇರೆ ಏನೋ ಇರಬಹುದು. ಹುಬ್ಬಳ್ಳಿಯ ತಜ್ಞರ ಮುಂದೆ ಒಮ್ಮೆ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇರಬಹುದು ಸರ್" ಎಂದಷ್ಟೇ ಹೇಳಿದರು. ಮನೆಗೆ ಬಂದು ಶ್ರೀಮತಿ ಕೇಳಿದಳು, "ಅಲ್ರೀ, ಅವರ ಕಾಲಕ್ಕ ಈ ಗುಳಿಗಿ ಇತ್ತೇನ್ರಿ?" ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟದ್ದೇ ಈ ಲೇಖನದ ನಿಜವಾದ ಮೂಲ.

ಗುಳಿಗೆ ಇತ್ತು. ಅದರ ಕಥೆ ಹೀಗಿದೆ.

ಎಡ್ವರ್ಡ್ ಕೆಂಡಲ್ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿದ್ದ ರಸಾಯನವಿಜ್ಞಾನಿ. 1914ರ ಡಿಸೆಂಬರ್ 25ರಂದು, ಊರೆಲ್ಲ ಕ್ರಿಸ್‌ಮಸ್ ಆಚರಿಸುತ್ತಿದ್ದಾಗ, ಪ್ರಾಣಿಗಳ ಥೈರಾಯ್ಡ್ ಸಾರದಿಂದ ಹರಳು ರೂಪದ ವಸ್ತುವೊಂದನ್ನು ಬೇರ್ಪಡಿಸಿದರು. ಅದೇ ಥೈರಾಕ್ಸಿನ್. ಮುಂದೆ ಹಂದಿಗಳ ಸುಮಾರು ಮೂರು ಟನ್ ಗ್ರಂಥಿಯಿಂದ ಅವರಿಗೆ ದೊರೆತದ್ದು 33 ಗ್ರಾಂ. 1920ರ ದಶಕದಲ್ಲಿ ಚಾರ್ಲ್ಸ್ ಹ್ಯಾರಿಂಗ್‌ಟನ್ ಅದರ ರಚನೆ ಬಿಡಿಸಿ ಪ್ರಯೋಗಶಾಲೆಯಲ್ಲಿಯೇ ತಯಾರಿಸಿದ ಮೇಲೆ ಕುರಿ-ಹಂದಿಗಳ ಹಂಗು ಕ್ರಮೇಣ ತಪ್ಪಿತು. ನಸುಕಿನ ಐದೂವರೆಯ ಗುಳಿಗೆ ಅದು.

ಎರಡನೆಯ ಗುಳಿಗೆಯ ಕಥೆಯಲ್ಲಿ ಕಾಮಾಲೆಯೇ ಸೂತ್ರಧಾರ. ಅದೇ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ಸಂಧಿವಾತದ ವೈದ್ಯರಿದ್ದರು. 1929ರಲ್ಲಿ ಅವರ ರೋಗಿಯೊಬ್ಬ ವಿಚಿತ್ರ ಸಂಗತಿ ಹೇಳಿದ: ತನಗೆ ಕಾಮಾಲೆ ಬಂದಾಗ ಕೀಲುನೋವು ಮಾಯವಾಯಿತು. ಬೇರೆ ವೈದ್ಯರಾದರೆ ನಕ್ಕು ಕಳಿಸುತ್ತಿದ್ದರು. ಹೆಂಚ್ ಅದನ್ನು ಬರೆದಿಟ್ಟುಕೊಂಡು, ಅಂಥ ಇನ್ನಷ್ಟು ರೋಗಿಗಳನ್ನು ಹುಡುಕಿದರು. ಬಸುರಿಯರಲ್ಲೂ ಕೀಲುನೋವು ಇಳಿಯುವುದನ್ನು ಕಂಡರು. ದೇಹದಲ್ಲೇ ಯಾವುದೋ ಒಂದು ವಸ್ತು ಹುಟ್ಟಿ ಉರಿಯನ್ನು ಆರಿಸುತ್ತದೆ ಎಂದು ಊಹಿಸಿದರು. ಕೆಂಡಲ್ ಆ ಹೊತ್ತಿಗೆ ಥೈರಾಯ್ಡ್ ಬಿಟ್ಟು ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಸಾರಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಿದ್ದರು. ಅವುಗಳಲ್ಲಿ ಒಂದಕ್ಕೆ ಮುಂದೆ ಕಾರ್ಟಿಸೋನ್ ಎಂದು ಹೆಸರಾಯಿತು. ಅದನ್ನು ಸಾಕಷ್ಟು ಪ್ರಮಾಣದಲ್ಲಿ ತಯಾರಿಸುವ ದಾರಿ ಕಂಡುಕೊಂಡದ್ದು ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್, ಅದೂ ದನದ ಪಿತ್ತರಸದಿಂದ. ಯಕೃತ್ತು ಸುರಿಸುವ ಪಿತ್ತರಸವೇ ಯಕೃತ್ತನ್ನು ಉಳಿಸುವ ಔಷಧಿಗೆ ಕಚ್ಚಾ ಸಾಮಗ್ರಿಯಾದದ್ದು ನನಗೆ ಬಹಳ ಹಿಡಿಸಿದ ಸಂಗತಿ. 1948ರ ಸೆಪ್ಟೆಂಬರಿನಲ್ಲಿ ಹೆಂಚ್ ಅದನ್ನು ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಅದೇ ವರ್ಷ ವಾಲ್ಡನ್‌ಸ್ಟ್ರೋಮ್ ತಮ್ಮ ರೋಗಿಗಳ ವಿವರ ಕೊಟ್ಟರೆಂಬುದನ್ನು ಗಮನಿಸಬೇಕು. ಔಷಧಿಯೂ ರೋಗವೂ ಒಂದೇ ವರ್ಷ ಸುದ್ದಿಯಾದವು, ಒಂದಕ್ಕೊಂದರ ಪರಿಚಯವಿಲ್ಲದೆ. ಪ್ರೆಡ್ನಿಸೊಲೋನ್ ಎಂಬುದು ಈ ಕುಲದ್ದೇ ಇನ್ನಷ್ಟು ಹದಗೊಳಿಸಿದ ಕುಡಿ, 1955ರ ಸುಮಾರಿಗೆ ಬಳಕೆಗೆ ಬಂತು.

ಯಕೃತ್ತಿನ ಈ ರೋಗವನ್ನೂ ಬೇಲಿಯೇ ಮಾಡುತ್ತಿದೆ ಎಂಬ ಗುಮಾನಿ ಬಲವಾದದ್ದು ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ. ಇಯನ್ ಮೆಕೇ ಮತ್ತು ಸಂಗಡಿಗರು 1956ರಲ್ಲಿ, ಮತ್ತೆ ಅದೇ 1956, ಈ ರೋಗಿಗಳ ರಕ್ತದಲ್ಲಿ ಲೂಪಸ್ ರೋಗದ ಗುರುತು ಕಾಣುವುದನ್ನು ಬರೆದರು. ಆಟೋಇಮ್ಯೂನ್ ಹೆಪಟೈಟಿಸ್ ಎಂಬ ಹೆಸರನ್ನು 1965ರಲ್ಲಿ ಮುಂದಿಟ್ಟವರೂ ಅವರೇ. ಆ 1965ರಲ್ಲಿಯೇ ಲಂಡನ್ನಿನಲ್ಲಿ ಡೋನಿಯಾಕ್ ಮತ್ತೆ ಕಾಣಿಸಿಕೊಳ್ಳುತ್ತಾರೆ. ರಾಯಲ್ ಫ್ರೀ ಆಸ್ಪತ್ರೆಯ ಶೀಲಾ ಶರ್ಲಾಕ್ ಅವರ ತಂಡದ ಯಕೃತ್ತು ರೋಗಿಗಳ ರಕ್ತ ಡೋನಿಯಾಕ್ ಅವರ ಪ್ರಯೋಗಶಾಲೆಗೆ ಬಂತು. ಥೈರಾಯ್ಡ್‌ಗಾಗಿ ಅವರು ಪಳಗಿಸಿದ್ದ ವಿಧಾನದಲ್ಲಿಯೇ ನೋಡಿದಾಗ, ಪಿತ್ತನಾಳಗಳನ್ನು ಕೆಡಿಸುವ ಇನ್ನೊಂದು ಯಕೃತ್ತಿನ ರೋಗದಲ್ಲಿ ಮೈಟೊಕಾಂಡ್ರಿಯಾದ ವಿರುದ್ಧ ಪ್ರತಿಕಾಯಗಳಿರುವುದು ಪತ್ತೆಯಾಯಿತು. ಅದು ನನ್ನ ಶ್ರೀಮತಿಯ ರೋಗವಲ್ಲ, ಅದರ ದಾಯಾದಿ. ಆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ, ಅವಳ ಕಡತದಲ್ಲೂ ಆ ಕಾಗದವಿದೆ, ಇಲ್ಲವೆಂದು ಬಂದ ಕಾಗದ. ಹುಬ್ಬಳ್ಳಿಯ ತಜ್ಞರು ಯಕೃತ್ತು ನೋಡುತ್ತ ಥೈರಾಯ್ಡ್ ಬಗ್ಗೆ ಕೇಳಿದ್ದರ ಹಿಂದೆ ಇಷ್ಟು ದೊಡ್ಡ ಇತಿಹಾಸವಿತ್ತು.

ಶೀಲಾ ಶರ್ಲಾಕ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೆಣ್ಣೆಂಬ ಕಾರಣಕ್ಕೆ ಇಂಗ್ಲೆಂಡಿನ ವೈದ್ಯಕೀಯ ಶಾಲೆಗಳಲ್ಲಿ ಅವರಿಗೆ ಪ್ರವೇಶ ಸಿಗಲಿಲ್ಲ, ಎಡಿನ್‌ಬರೋದಲ್ಲಿ ಓದಿದರು. 1959ರಲ್ಲಿ ಬ್ರಿಟನ್ನಿನ ಮೊದಲ ಮಹಿಳಾ ವೈದ್ಯಶಾಸ್ತ್ರ ಪ್ರಾಧ್ಯಾಪಕಿಯಾದರು. ಯಕೃತ್ತಿನ ರೋಗಗಳ ಬಗ್ಗೆ ಅವರು ಬರೆದ ಪುಸ್ತಕದ ಮೇಲೆ ಜಗತ್ತಿನಾದ್ಯಂತ ಎರಡು ಮೂರು ತಲೆಮಾರಿನ ವೈದ್ಯರು ಬೆಳೆದರು. ಕಾರ್ಟಿಸೋನ್ ಕುಲದ ಔಷಧಿಯಿಂದ ಈ ರೋಗಿಗಳು ಚೇತರಿಸಿಕೊಳ್ಳುತ್ತಾರೆಂದು ಹಲವರು ಹೇಳುತ್ತಿದ್ದರೂ, ನಿಜವಾಗಿ ಜೀವ ಉಳಿಯುತ್ತದೆಯೋ ಎಂಬುದು ತಿಳಿದಿರಲಿಲ್ಲ. ಶರ್ಲಾಕ್ ಮತ್ತು ಇಬ್ಬರು ಸಹೋದ್ಯೋಗಿಗಳು 49 ರೋಗಿಗಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿದರು. ಪ್ರೆಡ್ನಿಸೊಲೋನ್ ಪಡೆದ 22 ಜನರಲ್ಲಿ ಮೂವರು ತೀರಿಕೊಂಡರು. ಪಡೆಯದ 27 ಜನರಲ್ಲಿ ತೀರಿಕೊಂಡವರು ಹದಿನೈದು. ಇದು ಪ್ರಕಟವಾದ ವರ್ಷ 1971.

ಶ್ರೀಮತಿಯ ಪ್ರಶ್ನೆಗೆ ಉತ್ತರ ಇದು. ಅಕ್ಕನ ಕಾಲಕ್ಕೆ ಗುಳಿಗೆ ಇತ್ತು, ಅದು ಕೆಲಸ ಮಾಡುತ್ತದೆಂಬ ಪುರಾವೆ ಅವಳು ಹೋದ ವರ್ಷವೇ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದ ಹೊಳೆಸಾಲಿನ ಹಳ್ಳಿಗೆ ಬರಲು ಅದಕ್ಕೆ ಎಷ್ಟು ವರ್ಷ ಬೇಕಾಯಿತೋ! ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರಲ್ಲಿ, ದಾವಣಗೆರೆಯದು 1965ರಲ್ಲಿ ಶುರುವಾಗಿದ್ದವು. ದೂರವೆಂದರೆ ಬರೀ ಮೈಲುಗಳಲ್ಲ ಎಂಬುದು ನನಗೆ ಈ ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ ಅರಿವಾಯಿತು.

ಮರುವರ್ಷ, 1972ರಲ್ಲಿ, ಮೇಯೋ ಕ್ಲಿನಿಕ್ಕಿನಿಂದಲೂ ಇಂಥದೇ ಫಲಿತಾಂಶ ಬಂತು. ಅಲ್ಲಿ ಈ ಔಷಧಿಯ ಪ್ರಮಾಣ ತಗ್ಗಿಸಿ ಜೊತೆಗೆ ಅಜಥಯೋಪ್ರಿನ್ ಎಂಬ ಇನ್ನೊಂದನ್ನು ಕೊಡುವ ಕ್ರಮವನ್ನೂ ಪರೀಕ್ಷಿಸಿದ್ದರು. ಕೆಂಡಲ್ ತೀರಿಕೊಂಡದ್ದೂ ಅದೇ ವರ್ಷ. ರಾತ್ರಿಯ ಮೂರನೆಯ ಗುಳಿಗೆಯೆಂದು ಮೊದಲಿಗೆ ಹೇಳಿದ್ದು ಈ ಅಜಥಯೋಪ್ರಿನ್. ಇದನ್ನು 1950ರ ದಶಕದಲ್ಲಿ ರೂಪಿಸಿದವರು ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್. ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಎಲಿಯನ್ ಪಿಎಚ್.ಡಿ. ಮುಗಿಸಿರಲಿಲ್ಲ. ಹೆಂಗಸಿಗೆ ಪ್ರಯೋಗಶಾಲೆಯಲ್ಲಿ ಕೆಲಸ ಸಿಗದ ದಿನಗಳಲ್ಲಿ ಅವರು ನ್ಯೂಯಾರ್ಕಿನ ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ ಪಾಠ ಮಾಡಿ, ಸಂಜೆ ಮತ್ತು ರಜೆಯಲ್ಲಿ ಸ್ನಾತಕೋತ್ತರ ಪದವಿಯ ಪ್ರಯೋಗಗಳನ್ನು ಮಾಡುತ್ತಿದ್ದರು. ನಮ್ಮ ವೃತ್ತಿಬಾಂಧವರೊಬ್ಬರ ಗುಳಿಗೆ ನಮ್ಮ ಮನೆಯಲ್ಲಿದೆ ಎಂದು ನಾನು ಬಂದವರಿಗೆಲ್ಲ ಹೇಳುವುದುಂಟು. ಶ್ರೀಮತಿಗೆ ಅದು ಕೇಳಿ ಕೇಳಿ ಬೇಸರ ಬಂದಿದೆ.

ಇನ್ನು ಅಮೃತಬಳ್ಳಿಯ ವಿಷಯ. 2021ರ ಜುಲೈನಲ್ಲಿ ಮುಂಬಯಿಯ ಡಾ. ಆಭಾ ನಾಗ್ರಾಲ್ ಮತ್ತು ಸಂಗಡಿಗರು ಅಮೃತಬಳ್ಳಿ ಸೇವಿಸಿದ ಬಳಿಕ ಯಕೃತ್ತು ಕೆಟ್ಟ ಆರು ರೋಗಿಗಳ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗದ ಲಕ್ಷಣ ಆಟೋಇಮ್ಯೂನ್ ಹೆಪಟೈಟಿಸ್‌ನಂತೆಯೇ ಇತ್ತು. ಮುಂದೆ ದೇಶದ 13 ಕೇಂದ್ರಗಳಿಂದ ಅಂಥ 43 ರೋಗಿಗಳ ವಿವರ ಬಂತು. ಥೈರಾಯ್ಡ್‌ನಂಥ ಆಟೋಇಮ್ಯೂನ್ ತೊಂದರೆ ಮೊದಲೇ ಇರುವವರಲ್ಲಿ ಈ ಬಳ್ಳಿ ಒಳಗೆ ಅಡಗಿದ್ದ ರೋಗವನ್ನು ಹೊರಗೆಳೆಯಬಹುದೆಂದು ಆ ವೈದ್ಯರ ಅಭಿಪ್ರಾಯ. ಕೇಂದ್ರದ ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೋ, ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯೋ ಎಂದು ಪ್ರಶ್ನಿಸಿತು. ನಮ್ಮ ಹಿತ್ತಲಿನದು ಯಾವುದೆಂದು ನನಗೂ ಖಚಿತವಿಲ್ಲ. ತಜ್ಞರನ್ನು ಕೇಳಿದಾಗ, ಕಷಾಯ ಕಡ್ಡಿ ಗೀರಿರಬಹುದು, ಬಣವೆ ಮೊದಲೇ ಒಣಗಿತ್ತು ಎಂದರು. 2022ರಲ್ಲಿ ಪ್ರೆಡ್ನಿಸೊಲೋನ್ ಪೂರ್ತಿ ಇಳಿಸಲು ಹೋದಾಗ, ಯಾವ ಕಷಾಯವೂ ಇಲ್ಲದೆ, ಯಕೃತ್ತಿನ ಅಂಕಿಗಳು ಮತ್ತೆ ಏರಿದವು. ಬಣವೆಯ ಮಾತು ನಿಜವೆಂದು ಆಗ ಖಾತ್ರಿಯಾಯಿತು. ನಾನು ಆಯುರ್ವೇದದ ವಿರೋಧಿಯಲ್ಲ. ನಮ್ಮ ಮನೆಯಲ್ಲಿ ಮಾತ್ರ ಈಗ ಕಷಾಯ ಕುದಿಯುವುದಿಲ್ಲ, ಆ ಬಳ್ಳಿಯನ್ನು ಕಡಿಸಿದ್ದೇನೆ.

ರೋಗದೊಂದಿಗೆ ಬಾಳುವುದು ಹೇಗೆಂದು ಕೇಳುವವರಿದ್ದಾರೆ. ದೊಡ್ಡ ಗುಟ್ಟೇನಿಲ್ಲ. ಸ್ಟೆರಾಯ್ಡ್ ಶುರುವಾದ ಮೊದಲ ವರ್ಷ ಮುಖ ಚಂದ್ರನಂತೆ ಗುಂಡಗಾಯಿತು, ಸಕ್ಕರೆ ಏರಿತು, ನಿದ್ದೆ ಹೋಯಿತು. ಮದುವೆ ಮನೆಗಳಲ್ಲಿ "ಚಲೋ ತುಂಬಿಕೊಂಡೀರಿ ಅಕ್ಕಾರ" ಎಂದವರಿಗೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು, ಮನೆಗೆ ಬಂದು ಅಳುತ್ತಿದ್ದಳು. ಗುಳಿಗೆಯನ್ನು ತಾನಾಗಿ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವೆಂಬುದನ್ನು ತಜ್ಞರು ಮೊದಲ ದಿನವೇ ಹೇಳಿದ್ದರು. ಪ್ರವಾಸಕ್ಕೆ ಹೋಗುವಾಗ ನಾನು ಎರಡು ಚೀಲದಲ್ಲಿ ಎರಡು ಹಾಳೆ ಇಡುತ್ತೇನೆ, ಒಂದು ಕಳೆದರೆ ಇನ್ನೊಂದು ಇರಲೆಂದು. ಆಯಾಸ ಬಂದಾಗ ಅದು ಥೈರಾಯ್ಡ್‌ನದೋ ಯಕೃತ್ತಿನದೋ ಎಂದು ನಮಗೆ ತಿಳಿಯುವುದಿಲ್ಲ, ರಕ್ತಪರೀಕ್ಷೆಯೇ ಹೇಳಬೇಕು. ಬ್ಯಾಡಗಿ ಮೆಣಸಿನಕಾಯಿ ಬಿಡಬೇಕೆಂದು ನೆಂಟರೆಲ್ಲ ಹೆದರಿಸಿದ್ದರು. ಮಿತವಾಗಿ ತಿನ್ನಬಹುದೆಂದು ವೈದ್ಯರು ಹೇಳಿದ ದಿನ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು.

ಈಗ ಪ್ರೆಡ್ನಿಸೊಲೋನ್ 5 ಮಿಲಿಗ್ರಾಮಿಗೆ ಇಳಿದಿದೆ, ಅಜಥಯೋಪ್ರಿನ್ ಹಾಗೆಯೇ ಇದೆ. ಮೂರು ತಿಂಗಳಿಗೊಮ್ಮೆ ಬೆಳಗಿನ ಗಾಡಿಗೆ ಹುಬ್ಬಳ್ಳಿಗೆ ಹೋಗಿ ರಕ್ತ ಕೊಟ್ಟು, ಮಧ್ಯಾಹ್ನ ವರದಿ ತೋರಿಸಿ, ಸಂಜೆಗೆ ಮರಳುತ್ತೇವೆ. ಕಳೆದ ಸಲ ಆಸ್ಪತ್ರೆಯ ಬೆಂಚಿನ ಮೇಲೆ ಸವಣೂರು ಕಡೆಯ ತಾಯಿ ಮಗಳು ಕೂತಿದ್ದರು. ಹುಡುಗಿಗೆ ಹದಿನೆಂಟಿರಬಹುದು, ಮಣಿಕಟ್ಟಿನ ಮೇಲೆ ಹೊಸದಾಗಿ ಬರೆ ಹಾಕಿದ ಗುರುತಿತ್ತು. ಶ್ರೀಮತಿ ಆ ತಾಯಿಯ ಪಕ್ಕದಲ್ಲಿ ಹೋಗಿ ಕೂತು, ನಾನು ಕೇಳಲಾಗದ ಪ್ರಶ್ನೆಗಳನ್ನೆಲ್ಲ ಮೆಲ್ಲಗೆ ಕೇಳಿದಳು. ತಮ್ಮ ಸರದಿ ಬಂದಾಗ ತಾಯಿ ಅವನ್ನೆಲ್ಲ ಒಳಗೆ ಡಾಕ್ಟರಿಗೆ ಹೇಳಿದರಂತೆ. ಹುಡುಗಿಗೆ ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ. ಅವರ ಫೋನ್ ನಂಬರ್ ಶ್ರೀಮತಿಯ ಬಳಿ ಇದೆ, ವರದಿ ಏನಾಯಿತೆಂದು ಈ ಭಾನುವಾರ ಕೇಳುತ್ತಾಳಂತೆ.